ಪರದೇಶದ ಸಂಪಾದನೆ ಮತ್ತು ಮನೆಯವರು ಅರಿಯದ ಲೆಕ್ಕಗಳು

(ಅನಿವಾಸಿ ಕುಟುಂಬಗಳ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಗಲ್ಫ್ ಬದುಕಿನ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಅಗಲಿಕೆಯ ನೋವಿನಿಂದ ಆರಂಭಿಸುತ್ತಾರೆ. ಆ ನೋವು ಸುಳ್ಳಲ್ಲ. ಆದರೆ ನಾವು ಇಂದು ಮಾತಾಡಲಿರುವುದು ಕಾಗದಪತ್ರಗಳ ಬಗ್ಗೆ. ವಿಷಯ ನೀರಸವೆನಿಸಬಹುದು, ಸ್ವಲ್ಪ ಸಹಿಸಿಕೊಳ್ಳಿ.

ಕೆಲವು ವರ್ಷಗಳ ಹಿಂದೆ ನಮ್ಮ ಜಮಾಅತಿನ ಕಚೇರಿಗೆ ಓರ್ವ ಸಹೋದರಿ ಬಂದಿದ್ದರು. ಅವರ ಪತಿ ದುಬೈಯ ಅಂಗಡಿಯೊಂದರಲ್ಲಿ 22 ವರ್ಷ ದುಡಿದು, ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡಿದ್ದರು. ಆಕೆಯ ಕೈಯಲ್ಲಿದ್ದುದು ಒಂದು ಪಾಸ್‌ಪೋರ್ಟಿನ ನಕಲು ಪ್ರತಿ ಮಾತ್ರ. ಖಾತೆ ಯಾವ ಬ್ಯಾಂಕಿನಲ್ಲಿದೆ? ತಿಳಿಯದು. ಮೂಲ ವೇತನ ಎಷ್ಟು? ತಿಳಿಯದು. ತಿಂಗಳ ಮೊದಲ ವಾರ ಹಣ ಬರುತ್ತಿತ್ತು, ಅಷ್ಟೇ. ಅವರು ಇಬ್ಬರಿಗೆ ಸಾಲ ಕೊಟ್ಟಿದ್ದರೆಂದು ರೂಮಿನ ಗೆಳೆಯರು ಹೇಳಿದರು. ಒಬ್ಬರು ಒಪ್ಪಿಕೊಂಡು ಹಿಂತಿರುಗಿಸಿದರು. ಇನ್ನೊಬ್ಬರು, ಅದೆಲ್ಲ ಮೊದಲೇ ತೀರಿಸಿಯಾಗಿದೆ ಎಂದರು. ನಿಜವೂ ಇರಬಹುದು, ಆದರೆ ಪುರಾವೆ ಎಲ್ಲಿದೆ? ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವು ಸಾಲವನ್ನು ಬರೆದಿಡುವ ಮತ್ತು ಅದಕ್ಕೆ ಸಾಕ್ಷಿಗಳನ್ನು ನಿಲ್ಲಿಸುವ ಕುರಿತಾಗಿದೆ. ರಮಝಾನಿನಲ್ಲಿ ಅದನ್ನು ಓದಿ ಮುಗಿಸುವ ನಾವೇ ಸಾವಿರಾರು ದಿರ್ಹಮ್‌ಗಳನ್ನು ಬಾಯಿಮಾತಿನಲ್ಲಿ ಕೊಟ್ಟುಬಿಡುತ್ತೇವೆ.

ಮೊದಲು ಸೇವಾಂತ್ಯದ ಮೊತ್ತದ ವಿಚಾರ. ಯುಎಇಯ ಕಾನೂನಿನ ಪ್ರಕಾರ ಒಂದು ವರ್ಷ ಸೇವೆ ಪೂರೈಸಿದವನಿಗೆ ಮೊದಲ ಐದು ವರ್ಷಗಳಲ್ಲಿ ಪ್ರತಿ ವರ್ಷಕ್ಕೆ 21 ದಿನಗಳ, ಆ ಬಳಿಕ ಪ್ರತಿ ವರ್ಷಕ್ಕೆ 30 ದಿನಗಳ ಮೂಲ ವೇತನ ಸಿಗಬೇಕು. ಮೂಲ ವೇತನ ಎಂಬ ಪದವನ್ನು ಗಮನಿಸಿ. ಮೂರು ಸಾವಿರ ದಿರ್ಹಮ್ ಸಂಬಳವೆಂದು ನಮ್ಮ ಹುಡುಗ ಖುಷಿಯಿಂದ ಸಹಿ ಹಾಕುತ್ತಾನೆ. ಅದರಲ್ಲಿ ಮೂಲ ವೇತನ 1,500 ಮಾತ್ರ, ಉಳಿದುದು ಭತ್ಯೆ ಎಂದು ಒಪ್ಪಂದದಲ್ಲಿದ್ದರೆ, ಹತ್ತು ವರ್ಷ ದುಡಿದು ಹೊರಡುವಾಗ ಅವನಿಗೆ ಸಿಗುವುದು 12,750 ದಿರ್ಹಮ್. ಅದೇ ಮೂರು ಸಾವಿರದಲ್ಲಿ ಮೂಲ ವೇತನ 2,400 ಎಂದಿದ್ದರೆ 20,400 ಸಿಗುತ್ತಿತ್ತು. ಸೌದಿಯ ಲೆಕ್ಕ ಬೇರೆ. ಅಲ್ಲಿ ಮೊದಲ ಐದು ವರ್ಷಗಳಿಗೆ ಅರ್ಧ ತಿಂಗಳ, ನಂತರದ ವರ್ಷಗಳಿಗೆ ಪೂರ್ತಿ ತಿಂಗಳ ವೇತನ. ಆದರೆ ತಾನಾಗಿ ರಾಜೀನಾಮೆ ಕೊಟ್ಟವನಿಗೆ ಹತ್ತು ವರ್ಷ ತುಂಬದಿದ್ದರೆ ಪೂರ್ತಿ ಸಿಗದು. ಕಫೀಲನೊಂದಿಗೆ ಜಗಳವಾಡಿ ಒಂಬತ್ತೂವರೆ ವರ್ಷಕ್ಕೆ ಕೆಲಸ ಬಿಟ್ಟು ಬಂದವರನ್ನು ನಾವು ಕಂಡಿದ್ದೇವೆ. ಆರು ತಿಂಗಳ ತಾಳ್ಮೆಯ ಕೊರತೆಗೆ ಅವರು ಮೂರನೇ ಒಂದು ಭಾಗವನ್ನು ತೆತ್ತರು.

2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಅಪಘಾತಕ್ಕೀಡಾಗಿ 158 ಮಂದಿ ಮೃತಪಟ್ಟರು. ಅವರಲ್ಲೊಬ್ಬರ ಕುಟುಂಬದ ಪರಿಹಾರದ ಮೊಕದ್ದಮೆ ಸುಪ್ರೀಮ್ ಕೋರ್ಟಿನ ತನಕ ಹೋಯಿತು. 2020ರಲ್ಲಿ ತೀರ್ಪು ಬಂದಾಗ ಚರ್ಚೆಗೆ ಬಂದ ಮುಖ್ಯ ಪ್ರಶ್ನೆಗಳಲ್ಲೊಂದು, ಮೃತರ ಸಂಬಳದಲ್ಲಿ ಭತ್ಯೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೇ ಎಂಬುದೇ ಆಗಿತ್ತು. ಹಿಡಿಯಬೇಕೆಂದು ನ್ಯಾಯಾಲಯ ಹೇಳಿತು. ಆದರೆ ಸಂಬಳದ ಕಾಗದವೇ ಮನೆಯಲ್ಲಿಲ್ಲದಿದ್ದರೆ ನ್ಯಾಯಾಲಯವಾದರೂ ಏನನ್ನು ಹಿಡಿಯಬೇಕು?

ಈಗ ಎಲ್ಲಕ್ಕಿಂತ ಸೂಕ್ಷ್ಮವಾದ ವಿಷಯಕ್ಕೆ ಬರೋಣ. ಸಭೆಯಲ್ಲಿ ತಂದೆತಾಯಂದಿರೂ ಇರುವುದರಿಂದ ಸಂಕೋಚದಿಂದಲೇ ಹೇಳುತ್ತಿದ್ದೇವೆ. ಗಲ್ಫಿನಲ್ಲಿರುವ ಮಗ ತಂದೆಯ ಹೆಸರಿನಲ್ಲಿರುವ ಜಾಗದಲ್ಲಿ ಮನೆ ಕಟ್ಟಿಸುತ್ತಾನೆ. ಹದಿನೈದು ವರ್ಷದ ದುಡಿಮೆ ಆ ಗೋಡೆಗಳೊಳಗೆ ಸೇರುತ್ತದೆ. ಪತ್ರ ಬರೆಸೋಣವೆಂದರೆ, ಅಪ್ಪನ ಮೇಲೆ ನಂಬಿಕೆ ಇಲ್ಲವೇ ಎಂಬ ಮಾತು ಬರುತ್ತದೆ. ನಾಳೆ ತಂದೆ ತೀರಿಕೊಂಡರೆ ದಾಖಲೆಯ ಪ್ರಕಾರ ಆ ಆಸ್ತಿ ತಂದೆಯದು. ತಾಯಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಇದ್ದಾರೆಂದಿಟ್ಟುಕೊಳ್ಳಿ. ತಾಯಿಗೆ ಎಂಟನೇ ಒಂದು ಭಾಗ. ಉಳಿದುದರಲ್ಲಿ ಗಂಡಿಗೆ ಎರಡು, ಹೆಣ್ಣಿಗೆ ಒಂದರಂತೆ. ಕಟ್ಟಿಸಿದವನ ಪಾಲಿಗೆ ಬರುವುದು 24ರಲ್ಲಿ 7 ಪಾಲು, ಅಂದರೆ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಆಗ ಎರಡರಲ್ಲೊಂದು ಅನ್ಯಾಯ ನಡೆಯುತ್ತದೆ. ಕಟ್ಟಿಸಿದವನು ತನ್ನ ಬೆವರಿನ ಹಣ ಕಳೆದುಕೊಳ್ಳುತ್ತಾನೆ, ಅಥವಾ ಮನೆ ತನ್ನದೆಂದು ಹಟ ಹಿಡಿದು, ಮನೆಯೊಂದಿಗೆ ಜಾಗದಲ್ಲೂ ಸಹೋದರಿಯರಿಗಿರುವ ಪಾಲನ್ನು ನುಂಗುತ್ತಾನೆ. ನಮ್ಮ ಅನುಭವದಲ್ಲಿ ಎರಡನೆಯದೇ ಹೆಚ್ಚು. ಸಹೋದರಿಯರು ಮಾತಾಡುವುದಿಲ್ಲ, ಹಬ್ಬಕ್ಕೆ ಬರುವುದನ್ನು ನಿಲ್ಲಿಸುತ್ತಾರೆ.

ಇದಕ್ಕೆ ದಾರಿ ಇಲ್ಲವೇ? ಇದೆ. ಅನಿವಾಸಿ ಭಾರತೀಯನು ಕೃಷಿಭೂಮಿ, ತೋಟ ಮತ್ತು ಫಾರ್ಮ್‌ಹೌಸ್‌ಗಳನ್ನು ಖರೀದಿಸುವಂತಿಲ್ಲ, ವಾರಸಿನಿಂದ ಪಡೆಯಬಹುದು. ವಾಸದ ನಿವೇಶನವನ್ನು ತನ್ನ ಹೆಸರಿನಲ್ಲೇ ಕೊಳ್ಳಲು ಯಾವ ತಡೆಯೂ ಇಲ್ಲ. ತಂದೆಯ ಜಾಗದಲ್ಲೇ ಕಟ್ಟುವುದಾದರೆ, ಖರ್ಚು ಮಾಡಿದ ಹಣ ಸಾಲವೋ ದಾನವೋ ಎಂಬುದನ್ನು ತಂದೆ ಬದುಕಿರುವಾಗಲೇ ಎಲ್ಲ ಮಕ್ಕಳ ಸಮ್ಮುಖದಲ್ಲಿ ಬರೆದಿಡಿ. ತಂದೆ ಆ ಜಾಗವನ್ನು ಹಿಬಾ ಆಗಿ ಕೊಡಬಯಸಿದರೆ ಸ್ವಾಧೀನವನ್ನೂ ಕೊಡಬೇಕು, ಇತರ ಮಕ್ಕಳ ಬಗ್ಗೆಯೂ ನ್ಯಾಯ ಪಾಲಿಸಬೇಕು. ವಿದೇಶದಿಂದ ಅಧಿಕಾರಪತ್ರ ಕಳುಹಿಸುವವರು ಅದನ್ನು ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳುಹಿಸಿ. ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕೆಂಬುದನ್ನು ಹೆಚ್ಚಿನವರು ಮರೆಯುತ್ತಾರೆ.

ಬ್ಯಾಂಕಿನ ವಿಷಯದಲ್ಲಿ ಎರಡೇ ಮಾತು. ವಿದೇಶದಲ್ಲಿ ನೆಲೆಸಿದ ಮೇಲೆ ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ಮುಂದುವರಿಸುವಂತಿಲ್ಲ, ಎನ್‌ಆರ್‌ಒ ಆಗಿ ಬದಲಿಸಬೇಕು. ಅಲ್ಲಿಂದ ಕಳುಹಿಸುವ ಸಂಪಾದನೆಗೆ ಎನ್‌ಆರ್‌ಇ ಖಾತೆ. ಇದರಲ್ಲಿ ಪತ್ನಿಯನ್ನು ಜಂಟಿ ಖಾತೆದಾರಳಾಗಿ ಸೇರಿಸಬಹುದು. ನಾಮನಿರ್ದೇಶಿತ ವ್ಯಕ್ತಿಯೇ ಮಾಲಿಕನೆಂಬ ತಪ್ಪು ತಿಳುವಳಿಕೆ ವ್ಯಾಪಕವಾಗಿದೆ. ಅವನು ಹಣವನ್ನು ಪಡೆದು ವಾರಸುದಾರರಿಗೆ ತಲುಪಿಸಬೇಕಾದವನು ಮಾತ್ರ.

ಹೊಸದಾಗಿ ಹೊರಡುವ ಯುವಕರೇ, ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಮಾಡುವುದು ಅಪರಾಧ. ಹತ್ತನೇ ತರಗತಿ ಪಾಸಾಗದವರು ಗಲ್ಫಿಗೆ ಕೆಲಸಕ್ಕೆ ಹೋಗಲು ಸರಕಾರದ ವಲಸೆ ಅನುಮತಿ ಬೇಕು. ನೋಂದಾಯಿತ ಏಜೆಂಟನು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಲಕ್ಷಗಟ್ಟಲೆ ಕೇಳುವವನು ಮಸೀದಿಯ ಮೊದಲ ಸಾಲಿನಲ್ಲೇ ನಿಂತಿರಲಿ, ಅವನಿಗೆ ರಶೀದಿ ಕೇಳಿ. ವಲಸೆ ಅನುಮತಿ ಪಡೆದು ಹೋಗುವವರಿಗೆ ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿಯ ಕಂತಿನಲ್ಲಿ ಹತ್ತು ಲಕ್ಷದ ವಿಮೆ ಇದೆ, ಅದರ ಕಾಗದವನ್ನು ಮನೆಯಲ್ಲಿ ಬಿಟ್ಟುಹೋಗಿ. ತಾಯಂದಿರಿಗೆ ಒಂದು ಮಾತು: ಮಗನ ಪೆಟ್ಟಿಗೆಯಲ್ಲಿ ಗಸಗಸೆ ಇಡಬೇಡಿ. ನಮಗೆ ಅದು ಪಾಯಸದ ಸಾಮಗ್ರಿ, ಅಲ್ಲಿ ಅದು ಮಾದಕ ವಸ್ತುಗಳ ಪಟ್ಟಿಯಲ್ಲಿದೆ.

ಸರಕಾರಗಳ ಬಗ್ಗೆಯೂ ಹೇಳದೆ ನಿಲ್ಲಿಸಲಾಗದು. 2023-24ರಲ್ಲಿ ಅನಿವಾಸಿಗಳು ದೇಶಕ್ಕೆ ಕಳುಹಿಸಿದ ಹಣ 118 ಬಿಲಿಯನ್ ಡಾಲರಿಗಿಂತಲೂ ಹೆಚ್ಚು. 2004ರಲ್ಲಿ ಅವರಿಗಾಗಿ ಸ್ಥಾಪನೆಯಾದ ಪ್ರತ್ಯೇಕ ಸಚಿವಾಲಯವನ್ನು 2016ರಲ್ಲಿ ವಿದೇಶಾಂಗ ಇಲಾಖೆಯೊಳಗೆ ವಿಲೀನಗೊಳಿಸಲಾಯಿತು. ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸುವ ಹಕ್ಕು 2011ರಿಂದ ಇದೆ, ಆದರೆ ಮತ ಹಾಕಲು ವಿಮಾನದ ಟಿಕೆಟ್ ತೆಗೆದು ಊರಿಗೇ ಬರಬೇಕು. ಪ್ರತಿನಿಧಿಯ ಮೂಲಕ ಮತದಾನಕ್ಕೆ ಅವಕಾಶ ನೀಡುವ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾಗಿ, ಮರುವರ್ಷ ಹಾಗೆಯೇ ಬಿದ್ದುಹೋಯಿತು. ಡಾಲರಿಗೆ ದಾರಿ ಇದೆ, ಮತಕ್ಕೆ ಇಲ್ಲ.

ಆ ಸಹೋದರಿಯ ಕತೆ ಏನಾಯಿತೆಂದು ನೀವು ಕೇಳಬಹುದು. ಪತಿಯ ಹಳೆಯ ಸೂಟ್‌ಕೇಸಿನ ಒಳಪದರದಲ್ಲಿ ಒಪ್ಪಂದಪತ್ರದ ಒಂದು ಪ್ರತಿ ಸಿಕ್ಕಿತು. ಅದರ ಬಲದಿಂದ ಹದಿನಾಲ್ಕು ತಿಂಗಳ ಓಡಾಟದ ಬಳಿಕ ಸೇವಾಂತ್ಯದ ಮೊತ್ತ ಕೈಸೇರಿತು. ಸಾಲದ ಹಣ ಬರಲೇ ಇಲ್ಲ.

ಹಿಂದಿನ ಮೇಜಿನ ಮೇಲೆ ಒಂದು ಖಾಲಿ ಪಟ್ಟಿಯನ್ನು ಇಟ್ಟಿದ್ದೇವೆ. ಖಾತೆ, ವಿಮೆ, ಮೂಲ ವೇತನ, ಕೊಟ್ಟ ಸಾಲ, ಪಡೆದ ಸಾಲ, ಬಾಕಿಯಿರುವ ಮಹರ್ ಎಲ್ಲದಕ್ಕೂ ಅದರಲ್ಲಿ ಜಾಗವಿದೆ. ಪ್ರತಿ ಮನೆಗೆ ಎರಡು ಪ್ರತಿ ತೆಗೆದುಕೊಳ್ಳಿ, ಒಂದು ಅಲ್ಲಿಗೆ, ಒಂದು ಇಲ್ಲಿಗೆ. ಇನ್ನು ಪ್ರಶ್ನೆಗಳಿದ್ದರೆ ಕೇಳಬಹುದು. ಮೊದಲು ಸಹೋದರಿಯರ ಕಡೆಯಿಂದ ಬರಲಿ.