ಕಡಿಮೆ ಖರ್ಚಿನಲ್ಲಿ ಇಬ್ಬರ ಪ್ರವಾಸ: ಬಂಕಾಪುರದ ಹಾದಿಯಲ್ಲಿ



ದಕ್ಷಿಣ ಸ್ಪೇನಿನ ಕೊರ್ಡೋಬಾ, ಗ್ರನಾಡಾದಂಥ ಊರುಗಳಲ್ಲಿ ಬೆನ್ನಿಗೊಂದು ಚೀಲ ಏರಿಸಿಕೊಂಡು, ಬಸ್ಸು ಹಿಡಿದು, ಅಗ್ಗದ ಕೋಣೆಯಲ್ಲಿ ಮಲಗಿ ವಾರಗಟ್ಟಲೆ ಸುತ್ತುವ ಗಂಡ ಹೆಂಡಿರನ್ನು ನೀವು ದೂರದರ್ಶನದ ಪರದೆಯ ಮೇಲೆ ನೋಡಿರಬಹುದು. 'ಅದೆಲ್ಲ ಅವರಿಗೇ ಸರಿ' ಎಂದು ಸುಮ್ಮನಾಗಿರಲೂಬಹುದು. ಅಷ್ಟು ದೂರ ಹೋಗುವುದು ಎಲ್ಲರಿಗೂ ಸಾಧ್ಯವಿಲ್ಲ, ನಿಜ. ಆದರೆ ಒಂದು ಚೀಲ, ಒಂದು ಬಸ್ಸು, ಜೊತೆಗೊಬ್ಬರು, ಈ ಮೂರೂ ನಮ್ಮಲ್ಲಿ ಉಂಟಲ್ಲವೇ? ಹಾವೇರಿ ಜಿಲ್ಲೆಯ ಬಂಕಾಪುರವನ್ನು ನಡುವೆ ಇಟ್ಟುಕೊಂಡು ಗಂಡ ಹೆಂಡತಿ ಎರಡು ದಿನ ಸುತ್ತಿ ಬರುವ ಬಗೆಯನ್ನು ಇಂದು ನಿಮಗೆ ಹೇಳುತ್ತೇನೆ. ಆ ಹಾದಿಯಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಮುಚ್ಚಿಡುವುದಿಲ್ಲ.

ಮೊದಲು ದಾರಿಯ ಮಾತು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಬರುವಾಗ, ಶಿಗ್ಗಾಂವಿ ದಾಟಿದ ಮೇಲೆ, ಹೆದ್ದಾರಿಯಿಂದ ತುಸು ಒಳಗೆ ಬಂಕಾಪುರವಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ, ಸರ್ಕಾರಿ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರು ಹಣ ಕೊಡಬೇಕಾಗಿಲ್ಲ. ಎಂದರೆ ಇಬ್ಬರ ಪ್ರಯಾಣಕ್ಕೆ ಒಬ್ಬರ ಖರ್ಚು. ಗುರುತಿನ ಚೀಟಿಯನ್ನು ಮಾತ್ರ ಮರೆಯಬಾರದು. ರಾತ್ರಿಯ ವಸತಿಗೆ ಜಿಲ್ಲಾ ಕೇಂದ್ರವಾದ ಹಾವೇರಿ ಅನುಕೂಲ.

ರಾಷ್ಟ್ರಕೂಟ ದೊರೆ ಅಮೋಘವರ್ಷನ ದಂಡನಾಯಕ ಬಂಕೆಯನಿಂದ ಈ ಊರಿಗೆ ಬಂಕಾಪುರವೆಂಬ ಹೆಸರು ಬಂತು. ಅವನ ಮಗ ಲೋಕಾದಿತ್ಯ ಇಲ್ಲಿ ಆಳುತ್ತಿದ್ದಾಗ, ಕ್ರಿ.ಶ. 898ರಲ್ಲಿ, ಗುಣಭದ್ರಾಚಾರ್ಯರ 'ಉತ್ತರಪುರಾಣ'ಕ್ಕೆ ಪೂಜೆ ಸಂದಿತು. ಗಂಗ ದೊರೆ ಮಾರಸಿಂಹ ರಾಜ್ಯವನ್ನು ಬಿಟ್ಟು ಬಂದು, ಅಜಿತಸೇನ ಗುರುಗಳ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟದ್ದೂ ಇಲ್ಲಿಯೇ. ಕೋಟೆಯೊಳಗಿನ ನಗರೇಶ್ವರ ದೇವಾಲಯವನ್ನು ಊರವರು 'ಅರವತ್ತು ಕಂಬದ ಗುಡಿ' ಎನ್ನುತ್ತಾರೆ. ಚಾಲುಕ್ಯರ ಕಾಲದ, ಯಂತ್ರದಲ್ಲಿ ತಿರುಗಿಸಿ ಕಡೆದಂತಿರುವ ಆ ನುಣುಪು ಕಂಬಗಳ ನಡುವೆ ಬಿಸಿಲ ಹೊತ್ತಿನಲ್ಲಿ ಕುಳಿತರೆ ಏಳಲು ಮನಸ್ಸಾಗದು.

ಅದೇ ಕೋಟೆಯ ಆವರಣದ 139 ಎಕರೆಯಲ್ಲಿ ನವಿಲುಧಾಮವಿದೆ. 2006ರಲ್ಲಿ ಘೋಷಣೆಯಾದ ಧಾಮ ಇದು. ಖಿಲಾರಿ ತಳಿಯ ದನಗಳ ಸಂವರ್ಧನೆಯೂ ಇಲ್ಲಿಯೇ ನಡೆಯುವುದರಿಂದ ಮೇವಿನ ಹೊಲ, ಕಂದಕ, ಪೊದೆಗಳು ಉಳಿದುಕೊಂಡು ನವಿಲುಗಳಿಗೆ ಆಸರೆಯಾಗಿವೆ. ನಸುಕಿನಲ್ಲಿ ಇಲ್ಲವೇ ಇಳಿಹೊತ್ತಿನಲ್ಲಿ ಹೋಗಿ, ಸದ್ದು ಮಾಡದೆ ನಿಲ್ಲಿ. ಗಂಡು ನವಿಲು ಗರಿ ಬಿಚ್ಚಿ ಕುಣಿಯುವುದನ್ನು ನೋಡಬೇಕಾದರೆ ಮಳೆಗಾಲವೇ ತಕ್ಕ ಕಾಲ.

ಎರಡನೆಯ ದಿನಕ್ಕೆ ಸುತ್ತಲಿನ ಊರುಗಳಿವೆ. ಕನಕದಾಸರು ಹುಟ್ಟಿದ ಬಾಡ ಗ್ರಾಮ ಇದೇ ಶಿಗ್ಗಾಂವಿ ತಾಲ್ಲೂಕಿನದು. ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿ ತಲೆಯೆತ್ತಿ ನೋಡಿದರೆ, ಕಲ್ಲಿನ ಛಾವಣಿಯಿಂದ ದೊಡ್ಡ ಕಮಲವೊಂದು ಇಳಿಬಿದ್ದಂತಿದೆ. ಸವಣೂರಿನ ದೊಡ್ಡಹುಣಸೆ ಮಠದಲ್ಲಿ ಆಫ್ರಿಕಾ ಮೂಲದ ಭಾರಿ ಮರಗಳಿವೆ. 2023ರ ಮಳೆಗಾಲದಲ್ಲಿ ಅವುಗಳಲ್ಲಿ ಒಂದು ಉರುಳಿದಾಗ ಅದನ್ನು ಮತ್ತೆ ಎತ್ತಿ ನೆಡಲಾಯಿತು. ಎಲ್ಲವನ್ನೂ ಒಂದೇ ದಿನದಲ್ಲಿ ನೋಡುವ ಹಟ ಬೇಡ. ಎರಡು ಊರು ಸಾಕು.

ಇನ್ನು ನನ್ನ ತಪ್ಪಿನ ಸಂಗತಿ. ಮೊದಲ ಸಲ ನಾವಿಬ್ಬರೂ ಬಂಕಾಪುರಕ್ಕೆ ಹೋದಾಗ ಲೆಕ್ಕದ ಪುಸ್ತಕ ನನ್ನ ಕಿಸೆಯಲ್ಲಿತ್ತು. ಹೊರಗೆ ಉಣ್ಣುವ ಖರ್ಚು ಬೇಡವೆಂದು ರೊಟ್ಟಿಯ ಗಂಟು ಕಟ್ಟಿಸಿಕೊಂಡಿದ್ದೆ. ಅದಕ್ಕಾಗಿ ನನ್ನಾಕೆ ನಸುಕಿನ ನಾಲ್ಕಕ್ಕೆ ಎದ್ದು ಒಲೆಯ ಮುಂದೆ ಕುಳಿತಿದ್ದಳು. ಕೋಣೆ ಹಿಡಿದರೆ ದುಡ್ಡು ದಂಡವೆಂದು ಅಂದೇ ಮರಳುವ ಯೋಜನೆ ಹಾಕಿದ್ದೆ. ಸಂಜೆ ನವಿಲು ನೋಡುತ್ತ ನಿಂತಾಗ ನೀರಿನ ಬಾಟಲಿ ಕೊಟ್ಟರೆ ಬೇಡವೆಂದಳು. ಬೆಳಗಿನಿಂದಲೂ ಗುಟುಕು ನೀರು ಕುಡಿದಿರಲಿಲ್ಲ. ಏಕೆಂದು ಕೇಳಿದೆ. "ಕುಡಿದರ ಎಲ್ಲಿಗೆ ಹೋಗಲಿ?" ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಸಿಟ್ಟಿಲ್ಲದೆ, "ರೊಕ್ಕ ಉಳಿಸಿದವರು ನೀವು, ದಣದಾಕಿ ನಾನು" ಎಂದಳು. ಮದುವೆ, ಮುಂಜಿ, ಆಸ್ಪತ್ರೆ ಇವುಗಳ ಹೊರತಾಗಿ ಇಪ್ಪತ್ತಾರು ವರ್ಷಗಳಲ್ಲಿ ನಾವಿಬ್ಬರೇ ಹೊರಟ ಮೊದಲ ಪ್ರಯಾಣ ಅದಾಗಿತ್ತು. ನನಗೆ ಉತ್ತರ ಹೊಳೆಯಲಿಲ್ಲ.

ಓದುಗರೇ, ಕಡಿಮೆ ಖರ್ಚು ಎನ್ನುವಾಗ ನಾವು ಲೆಕ್ಕ ಮಾಡುವುದು ಕಿಸೆಯ ಹಣವನ್ನು ಮಾತ್ರ. ಒಬ್ಬರ ನಿದ್ದೆಯನ್ನೂ ಬಾಯಾರಿಕೆಯನ್ನೂ ಲೆಕ್ಕಕ್ಕೆ ಹಿಡಿಯದೆ ಉಳಿಸಿದ ಹಣ ಉಳಿತಾಯವಲ್ಲ, ಅದು ಸಾಲ.

ಮರುವರ್ಷ ಮತ್ತೆ ಹೋದಾಗ ಕೆಲವು ನಿಯಮ ಮಾಡಿಕೊಂಡೆವು. ನಿಮಗೂ ಉಪಯೋಗವಾದೀತು. ಮನೆಯಿಂದ ಬುತ್ತಿ ಕಟ್ಟುವುದು ಬೇಡ. ನಮ್ಮ ಸೀಮೆಯ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಹಿತವಾದ ಬೆಲೆಗೇ ಸಿಗುತ್ತವೆ. ಹಣವನ್ನು ಎರಡು ಪಾಲು ಮಾಡಿ ಇಬ್ಬರ ಬಳಿಯೂ ಇಡಿ. ಚೀಲಗಳೆರಡೂ ಸಮಭಾರದವಾಗಿರಲಿ. ದಿನಕ್ಕೊಂದು ಸ್ಥಳ ಆಕೆಯ ಆಯ್ಕೆ, ಒಂದು ಸ್ಥಳ ನಿಮ್ಮದು. ಬಸ್ಸಿನಿಂದ ಇಳಿದೊಡನೆ ಶೌಚಾಲಯ ಎಲ್ಲಿದೆಯೆಂದು ವಿಚಾರಿಸುವ ಕೆಲಸ ಗಂಡಸಿನದು. ಉಳಿತಾಯ ಮಾಡಲೇಬೇಕಾದರೆ ದಿನಗಳನ್ನು ಕಡಿಮೆ ಮಾಡಿ, ರಾತ್ರಿಯ ಕೋಣೆಯನ್ನು ಬಿಡಬೇಡಿ.

ಆ ಎರಡನೆಯ ಸಲ ಅರವತ್ತು ಕಂಬದ ಗುಡಿಯಲ್ಲಿ ನಾನು ಗಡಿಯಾರ ನೋಡಿದಾಗ, "ಇನ್ನೊಂದು ತಾಸು ಕೂಡ್ರೋಣ" ಎಂದಳು. ಕುಳಿತೆವು. ಒಂದು ಬಸ್ಸು ತಪ್ಪಿತು. ಮುಂದಿನ ಬಸ್ಸಿಗೆ ಹೋದೆವು. ಬಾಟಲಿಯ ನೀರು ಇಬ್ಬರಿಗೂ ಸಾಲಲಿಲ್ಲ, ಹಾದಿಯಲ್ಲಿ ಮತ್ತೊಂದು ಕೊಂಡೆವು.

ನೀವೂ ಹೋಗಿ ಬನ್ನಿ. ಹೊರಡುವ ಮುನ್ನ ಎಲ್ಲಿಗೆ ಹೋಗೋಣವೆಂದು ಆಕೆಯನ್ನೇ ಮೊದಲು ಕೇಳಿ.