ಪ್ರವಾಸದ ಧರ್ಮ
(ಊರ ವಾಚನಾಲಯದಲ್ಲಿ ಮಾಡಿದ ಭಾಷಣ)



ರಜೆಯ ದಿನಗಳು ಸಮೀಪಿಸಿರುವ ಈ ಸಮಯದಲ್ಲಿ ಪ್ರವಾಸವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ವಾಚನಾಲಯದ ಚಾಲಕರು ನಮಗೆ ಅಪ್ಪಣೆ ಮಾಡಿರುವರು. ನಾವು ಪಂಡಿತರಲ್ಲ, ಕೋರ್ಟಿನ ಕೆಲಸದಿಂದ ಬಿಡುವು ದೊರೆತಾಗಲೆಲ್ಲ ಊರೂರು ಸುತ್ತುವ ಚಪಲವುಳ್ಳವರು. ಆದುದರಿಂದ ನಾವು ಕಂಡುದನ್ನೂ, ಮಾಡಿದ ತಪ್ಪನ್ನೂ ಮಾತ್ರವೇ ತಮ್ಮ ಮುಂದಿಡುವೆವು.

ತಪ್ಪನ್ನೇ ಮೊದಲು ಹೇಳಿಬಿಡುವೆವು. ಕಾಲೇಜಿನಲ್ಲಿ ಓದುತ್ತಿದ್ದಾಗ ಗೆಳೆಯರೊಡಗೂಡಿ ವಿಜಾಪುರಕ್ಕೆ ಹೋಗಿದ್ದೆವು. 2014ರಿಂದ ಆ ಊರಿಗೆ ವಿಜಯಪುರವೆಂದು ಹೆಸರು. ಒಂದೇ ಹಗಲಿನಲ್ಲಿ ಎಲ್ಲವನ್ನೂ ನೋಡಿ ಮುಗಿಸುವ ಆತುರ. ಗೋಳಗುಮ್ಮಟದ ಮೇಲೇರಿ ಕೂಗಿದೆವು, ಚಪ್ಪಾಳೆ ತಟ್ಟಿದೆವು; ಇಳಿಯುವಾಗ ಇದ್ದಿಲಿನಿಂದ ಗೋಡೆಯ ಮೇಲೆ ನಮ್ಮ ಹೆಸರನ್ನೂ ಬರೆದೆವು. ಅಲ್ಲಿದ್ದ ಮುದಿ ಕಾವಲುಗಾರನು ಗದರಿಸಲಿಲ್ಲ. ಹೆಗಲ ಮೇಲಿನ ವಸ್ತ್ರವನ್ನು ತೊಯ್ಸಿಕೊಂಡು ಬಂದು ಒರಸತೊಡಗಿದನು. “ಕಲ್ಲು ಹೊತ್ತವರ ಹೆಸರೇ ಇಲ್ಲಿಲ್ಲ ತಮ್ಮಾ, ನಿನ್ನದ್ಯಾಕ?” ಎಂದಷ್ಟೇ ಕೇಳಿದನು. ಆ ಪ್ರಶ್ನೆಗೆ ನಾವು ಇಂದಿಗೂ ಉತ್ತರ ಕೊಡಲಾರೆವು.

ಮುಂದೆ ಕೆಲವು ವರ್ಷಗಳ ತರುವಾಯ ಮತ್ತೆ ಅಲ್ಲಿಗೆ ಹೋಗಿ ಮೂರು ದಿವಸ ನಿಂತೆವು. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಆ ಸಮಾಧಿಯೊಳಗೆ 18,000 ಚದರಡಿಗೂ ಮಿಗಿಲಾದ ನೆಲವಿದ್ದು, ನಡುವೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಹಾಯ್ದುಹೋಗುವ ಕಮಾನುಗಳೇ ಗುಮ್ಮಟದ ಭಾರವನ್ನು ಹೊತ್ತಿವೆ. ಮುಂಜಾನೆ ಜನವಿಲ್ಲದ ಹೊತ್ತಿನಲ್ಲಿ ಪಿಸುಮಾತಿನ ಮೊಗಸಾಲೆಯಲ್ಲಿ ಕುಳಿತರೆ ಆಚೆಯ ಮಗ್ಗುಲಿನಲ್ಲಿ ಆಡಿದ ಮೆಲ್ಲನೆಯ ಮಾತು ಕಿವಿಗೆ ಬೀಳುತ್ತದೆ. ಮೊದಲ ಸಲ ಕೂಗಿದ ನಮಗೆ ಆ ಕಟ್ಟಡದ ಗುಣವು ತಿಳಿದಿರಲಿಲ್ಲ, ಸುಮ್ಮನಿದ್ದಾಗ ತಿಳಿಯಿತು.

ಪಟ್ಟದಕಲ್ಲಿಗೆ ಹೋದವರು ವಿರೂಪಾಕ್ಷ ದೇವಾಲಯವನ್ನು ನೋಡದೆ ಬರುವುದಿಲ್ಲ. ಎಂಟನೆಯ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿಯು ಅದನ್ನು ಕಟ್ಟಿಸಿದಳು. ಆದರೆ ಗೆದ್ದ ಅರಸನು ಕಂಚಿಯನ್ನು ಸೂರೆ ಮಾಡಲಿಲ್ಲ. ಅಲ್ಲಿಯ ರಾಜಸಿಂಹೇಶ್ವರ ದೇವರ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟನು. ಇದನ್ನು ಹೇಳುವ ಕನ್ನಡ ಶಾಸನವು ಕಂಚಿಯ ಕೈಲಾಸನಾಥ ದೇವಾಲಯದಲ್ಲಿಯೇ ಇದೆ. ಪರರ ಊರಿಗೆ ಹೋದಾಗ ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಹಿರಿದಾದ ಪಾಠವುಂಟೆ? ದಂಡೆತ್ತಿ ಹೋದವನೇ ಅಷ್ಟು ಮರ್ಯಾದೆಯನ್ನು ಕಾಯ್ದುಕೊಂಡಿರಲು, ಬುತ್ತಿ ಕಟ್ಟಿಕೊಂಡು ಹೋಗುವ ನಾವು ಕಾಯ್ದುಕೊಳ್ಳಬಾರದೆ?

ಇನ್ನು ಹಂಪೆ. 1565ರ ಯುದ್ಧದ ತರುವಾಯ ಹಾಳಾದ ಆ ಪಟ್ಟಣದ ಬಳಿ ತುಂಗಭದ್ರೆಯನ್ನು ದಾಟಿದರೆ ಆನೆಗೊಂದಿ. 1948ರ ಮೊದಲು ಹರಿಗೋಲಿನಲ್ಲಿ ಕುಳಿತವನು ಈ ದಡದಲ್ಲಿ ಮದರಾಸು ಪ್ರಾಂತದವನು, ಆ ದಡದಲ್ಲಿ ನಿಜಾಮನ ಸೀಮೆಯವನು! ಬಾದಾಮಿ, ವಿಜಾಪುರಗಳು ಮುಂಬಯಿಗೆ ಸೇರಿದ್ದವು. ಎರಡೂ ದಡಗಳ ಮಾತು ಒಂದೇ, ಆಳ್ವಿಕೆ ಮಾತ್ರ ಬೇರೆ. 1956ರಲ್ಲಿ ಆ ಗಡಿಗಳೆಲ್ಲ ಅಳಿದುವು. ನಕಾಶೆ ಒಂದಾಯಿತು, ಆದರೆ ಮೈಸೂರಿನ ಮನೆಯವರು ಬಾದಾಮಿಯನ್ನೂ, ವಿಜಯಪುರದ ಮನೆಯವರು ಜೋಗವನ್ನೂ ತಮ್ಮದೆಂದು ಕಂಡು ಬಂದಲ್ಲದೆ ಮನಸ್ಸು ಒಂದಾಗದು. ಹಿರಿಯರು ಕಾಗದದ ಮೇಲೆ ಸಾಧಿಸಿದುದನ್ನು ಕಾಲ್ನಡೆಯಿಂದ ಪೂರ್ತಿಗೊಳಿಸುವುದು ನಮ್ಮ ಪಾಲಿಗೆ ಉಳಿದಿದೆ.

ಇಲ್ಲಿ ನೆರೆದಿರುವ ಶಿಕ್ಷಕರಲ್ಲಿ ನಮ್ಮದೊಂದು ಬಿನ್ನಹ. ಮಕ್ಕಳನ್ನು ಎರಡು ದಿನಗಳಲ್ಲಿ ಹತ್ತು ಊರುಗಳಿಗೆ ಓಡಿಸಬೇಡಿರಿ. ಒಂದೇ ಊರನ್ನು ತೋರಿಸಿರಿ. ಹೋಗುವ ಮುನ್ನ ಅದರ ಕಥೆಯನ್ನು ಹೇಳಿರಿ. ಅಲ್ಲಿಯವರೊಡನೆ ಮಾತನಾಡಲು ಬಿಡಿರಿ. ಮರಳಿ ಬಂದ ಮೇಲೆ ಕಂಡುದನ್ನು ಒಂದು ಪುಟದಲ್ಲಿ ಬರೆಯಿಸಿರಿ. ಹೆಸರು ಬರೆಯುವ ಆಸೆಯಿದ್ದವರು ಆ ಪುಟದ ಕೆಳಗೆ ಬರೆಯಲಿ. ಆ ಮುದುಕನಿಗೆ ನಾವು ತೀರಿಸಬೇಕಾದ ಸಾಲವು ಹಾಗಾದರೂ ಸ್ವಲ್ಪಮಟ್ಟಿಗೆ ತೀರೀತು.