ಬಟವಾಡಿಯ ಆ ನಕ್ಷತ್ರ

ಇವತ್ತು ಡಿಸೆಂಬರ್ 25, ಕ್ರಿಸ್ಮಸ್. ಕೇಕು, ಸಾಂತಾ ಕ್ಲಾಸು, ಮಾಲ್‌ಗಳ ಲೈಟು ಎಲ್ಲವನ್ನೂ ಬೆಳಗಿನಿಂದ ತೋರಿಸಿದ್ದೇವೆ. ಈಗ ಒಂದು ಮನೆಯ ಕಥೆ ಹೇಳ್ತೀನಿ, ಕೇಳಿ.

ತುಮಕೂರಿನ ಬಟವಾಡಿ ಗೊತ್ತಲ್ಲ? ಬೆಂಗಳೂರು ಹೈವೇ, ಅಲ್ಲೇ ಎಪಿಎಂಸಿ ಯಾರ್ಡು. ವರದಿಗಾರನಾಗಿ ಕೆಲಸ ಶುರು ಮಾಡಿದಾಗ ನಾನು ಅಲ್ಲೊಂದು ಸಣ್ಣ ರೂಮಿನಲ್ಲಿದ್ದೆ. ಪಕ್ಕದ ಮನೆಯವರು ಕ್ರೈಸ್ತರು. ಯಜಮಾನರು ಮೇಷ್ಟ್ರು, ಅವರ ಹೆಂಡತಿ ನರ್ಸು. ರಜೆ ಸಿಗದೆ ಒಬ್ಬನೇ ಉಳಿದ ನನ್ನನ್ನು ಪ್ರತಿ ಕ್ರಿಸ್ಮಸ್‌ಗೂ ಕರೆದು ಊಟ ಹಾಕಿದವರು ಅವರು. ನಿನ್ನ ಜಾತಿ ಯಾವುದು ಅಂತ ಒಂದು ದಿನವೂ ಕೇಳಲಿಲ್ಲ.

2021ರ ಮೇ ತಿಂಗಳು. ರಾಜ್ಯದಲ್ಲಿ ಒಂದೊಂದು ದಿನ ಐನೂರು, ಆರುನೂರು ಜನ ಕೋವಿಡ್‌ನಿಂದ ಸಾಯ್ತಿದ್ರು. ರಾತ್ರಿ ಆ ಲೆಕ್ಕ ಓದುತ್ತಿದ್ದವನು ನಾನೇ. ಒಂದು ದಿನ ಓದಿ ಮುಗಿಸಿ ಹೊರಗೆ ಬಂದೆ, ಫೋನ್ ಬಂತು. ನಾನು ಓದಿದ ಆ ಲೆಕ್ಕದೊಳಗೆ ನಮ್ಮ ಮೇಷ್ಟ್ರೂ ಇದ್ದರು.

ಅದೇ ವರ್ಷ ಡಿಸೆಂಬರ್ 24ರ ಸಂಜೆ ಬಟವಾಡಿಗೆ ಹೋದೆ. ಹಿಂದಿನ ದಿನವಷ್ಟೇ ವಿಧಾನಸಭೆಯಲ್ಲಿ ಮತಾಂತರ ನಿಷೇಧ ಮಸೂದೆ ಪಾಸಾಗಿತ್ತು. ಸ್ಟುಡಿಯೋದಲ್ಲಿ ವಾರವೆಲ್ಲ ಕೂಗಾಟ. ಮಸೂದೆ ಸರಿನಾ ತಪ್ಪಾ, ಅದು ಬೇರೆ ಚರ್ಚೆ. ಆದರೆ ಇಂಥದ್ದೊಂದು ಮನೆ ಇದೆ ಅನ್ನೋದು ಆ ಕೂಗಾಟದಲ್ಲಿ ಯಾರಿಗೂ ನೆನಪಾಗಲಿಲ್ಲ. ನನಗೂ ಆಗಲಿಲ್ಲ.

ಮನೆ ಮುಂದೆ ನಕ್ಷತ್ರ ಇರಲಿಲ್ಲ. ಪ್ರತಿ ವರ್ಷ ಮೇಷ್ಟ್ರೇ ಏಣಿ ಹತ್ತಿ ಕಟ್ಟುತ್ತಿದ್ದರು. ‘ಈ ಸಲ ಬೇಡ ಅಂದ್ಕೊಂಡೆ’ ಅಂದರು ಆ ತಾಯಿ.

ಎಂಟರ ಹೊತ್ತಿಗೆ ಚರ್ಚಿನ ಕ್ಯಾರಲ್ ತಂಡ ಬಂತು. ಹತ್ತು ಹದಿನೈದು ಜನ. ಅವರಲ್ಲೇ ಇಬ್ಬರು ಆ ವರ್ಷ ಮನೆಯವರನ್ನು ಕಳೆದುಕೊಂಡವರು. ಕನ್ನಡದಲ್ಲಿ ಒಂದು ಹಾಡು ಎತ್ತಿದರು. ಅರ್ಧಕ್ಕೇ ಆ ತಾಯಿ ಅತ್ತುಬಿಟ್ಟರು. ಯಾರೂ ಸಮಾಧಾನದ ಭಾಷಣ ಮಾಡಲಿಲ್ಲ. ಹಾಡು ನಿಲ್ಲಿಸಿ, ಸುತ್ತ ಸುಮ್ಮನೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಹುಡುಗ ಅಟ್ಟದ ಮೇಲಿಂದ ನಕ್ಷತ್ರ ಇಳಿಸಿದ. ಎದುರು ಮನೆಯ ಲಿಂಗಾಯತ ಯಜಮಾನರು ತಮ್ಮ ಏಣಿ ಹೊತ್ತು ತಂದರು. ದೀಪ ಹತ್ತಿತು.

ಆಗ ಆ ತಾಯಿ ಹೇಳಿದ ಮಾತು ಕೇಳಿ: ‘ಅವರು ವಾಪಸ್ ಬರಲ್ಲ, ಗೊತ್ತು. ಆದ್ರೆ ನಮ್ಮ ದೇವರು ದನದ ಕೊಟ್ಟಿಗೆಗೇ ಬಂದೋನು. ನನ್ನ ಈ ಮನೆಗೆ ಬರಲ್ವಾ?’

ಇವರು ಹೊರಗಿನವರು ಅಂತ ಈಗಲೂ ಹೇಳೋರಿದ್ದಾರೆ. ಸ್ವಾಮಿ, ಇದೇ ಜಿಲ್ಲೆಯ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ ಕೆಲಸ ಶುರುವಾಗಿದ್ದು 1837ರಲ್ಲಿ. ನಾನು ಅನ್ನ ತಿನ್ನೋ ಈ ಪತ್ರಿಕೋದ್ಯಮ ಇದೆಯಲ್ಲ, ಕನ್ನಡದಲ್ಲಿ ಅದರ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’. 1843ರಲ್ಲಿ ಅದನ್ನು ಹೊರತಂದವರು ಬಾಸೆಲ್ ಮಿಷನ್‌ನ ಹರ್ಮನ್ ಮೋಗ್ಲಿಂಗ್. ಇವರು ಈ ಮಣ್ಣಿನ ಜನ, ನಮ್ಮ ಪಕ್ಕದ ಮನೆಯವರು.

ಭರವಸೆ ಅಂದರೆ ದುಃಖ ಮರೆಯೋದು ಅಂತ ತಿಳಿದಿದ್ದೆ. ಅಲ್ಲ. ದುಃಖ ಇದ್ದಲ್ಲೇ ಇರುತ್ತೆ, ಜೊತೆಗೆ ಹತ್ತು ಜನ ಬಂದು ಕೂರ್ತಾರೆ. ಚರ್ಚಿನವರು ಅವತ್ತು ಮಾಡಿದ್ದು ಅಷ್ಟೇ.

ನಿಮ್ಮ ಬೀದಿಯಲ್ಲೂ ಈ ವರ್ಷ ದೀಪ ಹತ್ತದ ಮನೆ ಒಂದಿರಬಹುದು. ಯಾವ ಧರ್ಮದ್ದಾದರೂ ಸರಿ. ಟಿವಿ ಆಫ್ ಮಾಡಿ, ಹೋಗಿ ಬಾಗಿಲು ತಟ್ಟಿ. ಏಣಿ ಇದ್ದರೆ ತಗೊಂಡು ಹೋಗಿ.

ಎಲ್ಲರಿಗೂ ಕ್ರಿಸ್ಮಸ್ ಶುಭಾಶಯ.